ಕೆಂಪು ವೈನಿನ ದ್ರಾಕ್ಷಿ ತಳಿಗಳು: ನೆಡುವ ಮುನ್ನ ಗುಣ ತಿಳಿಯೋಣ



ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಬಳ್ಳಿಗೆ ಹೊಡೆಯುವ ಮದ್ದನ್ನು ನಾವು ಬೋರ್ಡೋ ದ್ರಾವಣ ಎನ್ನುತ್ತೇವೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ನಿಮಗೆ ಬಾಯಿಪಾಠವಾಗಿದೆ. ಆದರೆ ಬೋರ್ಡೋ ಎಂದರೇನು ಎಂದು ಕೇಳಿದರೆ ಹೇಳುವವರು ಕಡಿಮೆ. ಅದು ಫ್ರಾನ್ಸ್ ದೇಶದ ಒಂದು ಪಟ್ಟಣ. ಅದರ ಸುತ್ತಣ ಸೀಮೆಯೆಲ್ಲ ದ್ರಾಕ್ಷಿ ತೋಟ. ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಎಂದು ಅಲ್ಲಿಯ ಒಕ್ಕಲಿಗರು ರಸ್ತೆ ಬದಿಯ ಬಳ್ಳಿಗಳಿಗೆ ಈ ನೀಲಿ ನೀರನ್ನು ಎರಚುತ್ತಿದ್ದರು. ತೋಟದೊಳಗಿನ ಬಳ್ಳಿಗಳೆಲ್ಲ ಬೂಜು ರೋಗದಿಂದ ಎಲೆ ಉದುರಿಸಿದರೂ ರಸ್ತೆ ಬದಿಯ ಬಳ್ಳಿಗಳು ಮಾತ್ರ ಹಸಿರಾಗಿ ನಿಂತಿರುವುದನ್ನು 1882ರಲ್ಲಿ ಮಿಯಾರ್ದೆ ಎಂಬ ಪ್ರಾಧ್ಯಾಪಕರು ಕಂಡರು. 1885ರಲ್ಲಿ ಮದ್ದಿನ ವಿಧಾನವನ್ನು ಪ್ರಕಟಿಸಿದರು.

ಆ ಊರಿನ ಮದ್ದು ನಮ್ಮ ತೋಟಕ್ಕೆ ಬಂದು ತಲೆಮಾರುಗಳೇ ಕಳೆದವು. ಆ ಊರಿನ ಬಳ್ಳಿಯೂ ಈಗ ಬಂದಿದೆ. ನಂದಿಬೆಟ್ಟದ ಸುತ್ತ ಫ್ರಾನ್ಸಿನ ವೈನ್ ತಳಿಗಳ ತೋಟ 1980ರ ದಶಕದಲ್ಲಿ ಎದ್ದಿತು. 2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿತು. ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಅಲ್ಲಿಂದೀಚೆಗೆ ವೈನ್ ದ್ರಾಕ್ಷಿಯ ಸೀಮೆಗಳಾಗಿ ಬಳಕೆಗೆ ಬಂದವು. ಈಗ ನಾನು ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತರೂ ಒಂದೇ ಪ್ರಶ್ನೆ: “ಸ್ವಾಮಿ, ಗಿಡ್ಡ ದ್ರಾಕ್ಷಿ ಕಿತ್ತು ಶಿರಾಜ್ ಹಾಕಬಹುದೆ?”

ಈ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ದ್ರಾಕ್ಷಿ ಬಳ್ಳಿ ರಾಗಿಯಂತೆ ಒಂದು ಹಂಗಾಮಿನ ಬೆಳೆಯಲ್ಲ. ಒಮ್ಮೆ ನೆಟ್ಟರೆ ಹದಿನೈದು, ಇಪ್ಪತ್ತು ವರ್ಷ ಅದರೊಡನೆ ಬಾಳಬೇಕು. ಆದುದರಿಂದ ತಳಿಯ ಗುಣವನ್ನು ನೆಡುವ ಮೊದಲೇ ತಿಳಿಯತಕ್ಕದ್ದು. ಈ ಪಾಠ ಕುಡಿಯುವವರಿಗಾಗಿ ಬರೆದದ್ದಲ್ಲ, ಬೆಳೆಯುವವರಿಗಾಗಿ. ಕುಡಿಯುವ ಅಭ್ಯಾಸವಿಲ್ಲದವರು ಅದನ್ನು ಹೊಸದಾಗಿ ಕಲಿಯುವ ಅಗತ್ಯವೇನೂ ಇಲ್ಲ. ಹೊಗೆಸೊಪ್ಪು ಬೆಳೆಯುವವನು ಸೊಪ್ಪಿನ ದರ್ಜೆ ತಿಳಿದಿರುವಂತೆ, ಈ ಹಣ್ಣನ್ನು ಬೆಳೆಯುವವನು ಅದರ ದರ್ಜೆ ತಿಳಿದಿರಬೇಕು. ಅಷ್ಟೇ.

1. ಬಣ್ಣ ಎಲ್ಲಿದೆ?

ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿರಿ. ಚೆನ್ನಾಗಿ ಕಳಿತ ಒಂದು ಕಪ್ಪು ದ್ರಾಕ್ಷಿಯನ್ನು ಬಿಳಿಯ ತಟ್ಟೆಯ ಮೇಲೆ ಮೆಲ್ಲನೆ ಹಿಂಡಿರಿ. ಹೊರಬರುವ ರಸ ಕಪ್ಪಲ್ಲ, ಹೆಚ್ಚುಕಡಿಮೆ ನೀರಿನ ಬಣ್ಣವೇ. ಈಗ ಸಿಪ್ಪೆಯನ್ನು ಬೆರಳಲ್ಲಿ ಉಜ್ಜಿರಿ. ಬೆರಳು ನೇರಳೆ ಬಣ್ಣವಾಗುವುದು. ಅಂದರೆ ಬಣ್ಣವಿರುವುದು ಸಿಪ್ಪೆಯಲ್ಲಿ, ರಸದಲ್ಲಲ್ಲ.

ಕೆಂಪು ವೈನ್ ಮಾಡುವವರು ಹಣ್ಣನ್ನು ಜಜ್ಜಿ, ಸಿಪ್ಪೆ ಬೀಜ ಸಮೇತ ಹುದುಗಲು ಬಿಡುತ್ತಾರೆ. ಹುದುಗುವಾಗ ಸಕ್ಕರೆ ಮದ್ಯಸಾರವಾಗುತ್ತದೆ, ಸಿಪ್ಪೆಯ ಬಣ್ಣ ಮತ್ತು ಒಗರು ರಸಕ್ಕೆ ಇಳಿಯುತ್ತದೆ. ಅನಂತರ ಹಿಂಡಿ ಸಿಪ್ಪೆಯನ್ನು ಬೇರೆ ಮಾಡುತ್ತಾರೆ. ಸಿಪ್ಪೆಯನ್ನು ಮೊದಲೇ ತೆಗೆದುಬಿಟ್ಟರೆ ಕಪ್ಪು ದ್ರಾಕ್ಷಿಯಿಂದಲೂ ಬಿಳಿ ವೈನ್ ಮಾಡಬಹುದು. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಹಾಗೆ ಮಾಡುವುದೂ ಉಂಟು. ಆದುದರಿಂದ ಕೆಂಪು ವೈನಿನ ದ್ರಾಕ್ಷಿಯೆಂದರೆ ಮುಖ್ಯವಾಗಿ ಸಿಪ್ಪೆಯ ವ್ಯವಹಾರ.

ಕೊಳ್ಳುವವರು ಹಣ್ಣಿನಲ್ಲಿ ನೋಡುವ ಗುಣಗಳು ಐದು:

ಸಿಹಿ: ಇದನ್ನು ಬ್ರಿಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನೂರು ಗ್ರಾಂ ರಸದಲ್ಲಿ ಸುಮಾರು ಎಷ್ಟು ಗ್ರಾಂ ಸಕ್ಕರೆ ಎಂಬುದೇ ಬ್ರಿಕ್ಸ್. ಕೆಂಪು ವೈನಿಗೆ ಸಾಮಾನ್ಯವಾಗಿ 22ರಿಂದ 24 ಬೇಕು. 24 ಬ್ರಿಕ್ಸಿನ ರಸ ಹುದುಗಿದರೆ ಸುಮಾರು ಶೇಕಡ 13ರಷ್ಟು ಮದ್ಯಸಾರ ಬರುವುದು. 17 ಇದ್ದರೆ ಸುಮಾರು ಶೇಕಡ 9 ಮಾತ್ರ.

ಹುಳಿ: ಹುಳಿ ತೀರ ಇಳಿದರೆ ವೈನ್ ಸಪ್ಪೆಯಾಗಿ ಬೇಗ ಕೆಡುವುದು. ಬಿಸಿಲು ಹೆಚ್ಚಿ, ರಾತ್ರಿಯೂ ಸೆಖೆಯಿದ್ದರೆ ಹಣ್ಣಿನ ಹುಳಿ ಬೇಗ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಪುಷ್ಯ, ಮಾಘದ ರಾತ್ರಿಗಳು ತಂಪಾಗಿರುವುದು ಈ ಬೆಳೆಗೆ ಒಂದು ಅನುಕೂಲ.

ಬಣ್ಣ: ಸಿಪ್ಪೆ ದಪ್ಪವಿದ್ದಷ್ಟೂ, ಹಣ್ಣು ಸಣ್ಣದಿದ್ದಷ್ಟೂ ಬಣ್ಣ ಹೆಚ್ಚು. ಒಂದು ಕಿಲೋ ಸಣ್ಣ ಈರುಳ್ಳಿ ಸುಲಿದರೆ ಬರುವ ಸಿಪ್ಪೆ ಒಂದು ಕಿಲೋ ದಪ್ಪ ಈರುಳ್ಳಿಯಿಂದ ಬಾರದು. ದ್ರಾಕ್ಷಿಯಲ್ಲಿಯೂ ಹಾಗೆಯೇ. ತಿನ್ನುವ ದ್ರಾಕ್ಷಿಯಲ್ಲಿ ಕಾಳು ದಪ್ಪವಾಗಲಿ ಎಂದು ನಾವು ಪಾಡುಪಡುತ್ತೇವೆ. ವೈನ್ ದ್ರಾಕ್ಷಿಯಲ್ಲಿ ದಪ್ಪ ಕಾಳು ದೋಷ.

ಒಗರು: ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದಂತಾಗುವುದಲ್ಲ, ಅದೇ ಒಗರು. ಇದು ಸಿಪ್ಪೆ ಮತ್ತು ಬೀಜದಲ್ಲಿದೆ. ವೈನ್ ವರ್ಷಗಟ್ಟಲೆ ಕೆಡದೆ ನಿಲ್ಲಲು ಇದು ಆಧಾರ. ಆದರೆ ಬೀಜ ಬಲಿಯದಿದ್ದರೆ ಒಗರು ಒರಟಾಗಿ ಕಹಿಗೆ ತಿರುಗುವುದು.

ಗಂಧ: ಪ್ರತಿ ತಳಿಗೂ ತನ್ನದೇ ಗಂಧವಿದೆ. ಇದನ್ನು ಮುಂದೆ ಹೇಳುತ್ತೇನೆ.

2. ನಮ್ಮ ಮನೆಯ ಹಣ್ಣು: ಬೆಂಗಳೂರು ನೀಲಿ

ಹೊಸಬರನ್ನು ಅಳೆಯಲು ಹಳಬನನ್ನು ಮೊದಲು ಅಳೆಯಬೇಕು. ಗಿಡ್ಡ ದ್ರಾಕ್ಷಿ ಎಂದು ನಾವು ಕರೆಯುವ ಬೆಂಗಳೂರು ನೀಲಿ ಯೂರೋಪಿನ ಜಾತಿಯದಲ್ಲ, ಅಮೆರಿಕ ಮೂಲದ ರಕ್ತವುಳ್ಳದ್ದು. ಅಮೆರಿಕದ ಇಸಬೆಲ್ಲ ಎಂಬ ತಳಿಯ ಬಳಗವೆಂದು ತಜ್ಞರು ಎಣಿಸುತ್ತಾರೆ. ಹಣ್ಣನ್ನು ಒತ್ತಿದರೆ ತಿರುಳು ಒಂದೇ ಉಂಡೆಯಾಗಿ ಸಿಪ್ಪೆಯಿಂದ ಜಾರಿಬಿಡುವುದು. ಇದೇ ಆ ಬಳಗದ ಗುರುತು. ಯೂರೋಪಿನ ತಳಿಗಳಲ್ಲಿ ಸಿಪ್ಪೆ ತಿರುಳಿಗೆ ಅಂಟಿಕೊಂಡಿರುತ್ತದೆ.

ಗಿಡ್ಡ ದ್ರಾಕ್ಷಿಯ ಒಳ್ಳೆಯ ಗುಣಗಳು ಹಲವು. ಚಿಬ್ಬು ರೋಗವನ್ನು ತಡೆದುಕೊಳ್ಳುತ್ತದೆ. ಚಪ್ಪರ ತುಂಬ ಹಬ್ಬುತ್ತದೆ. ಎರಡು ಸಲ ಸವರಿದರೆ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಒಳ್ಳೆಯ ತೋಟದಲ್ಲಿ ಎರಡೂ ಬೆಳೆ ಸೇರಿ ಎಕರೆಗೆ 15 ಟನ್ ದಾಟುವುದುಂಟು. ಗಾಡಿಯವನೂ ಕೊಳ್ಳುತ್ತಾನೆ, ರಸ ಮಾಡುವವನೂ ಕೊಳ್ಳುತ್ತಾನೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಬೂಜುತುಪ್ಪಟ ರೋಗಕ್ಕೆ ಮಾತ್ರ ಬೇಗ ತುತ್ತಾಗುವುದು.

ವೈನಿನ ದೃಷ್ಟಿಯಿಂದ ಇದರ ಕೊರತೆ ಎರಡು. ಒಂದು, ಸಿಹಿ 16ರಿಂದ 18 ಬ್ರಿಕ್ಸಿಗೆ ನಿಲ್ಲುತ್ತದೆ. ಎರಡು, ಇದರ ಗಾಢವಾದ ಗಂಧ. ರಸಕ್ಕೆ, ಜಾಮಿಗೆ ಈ ಗಂಧವೇ ಭೂಷಣ. ಯೂರೋಪಿನ ವೈನ್ ಕುಡಿದು ರೂಢಿಯಾದವರು ಇದನ್ನು ಮೆಚ್ಚುವುದಿಲ್ಲ. ಫ್ರಾನ್ಸಿನವರು 1934ರಲ್ಲಿ ಇಸಬೆಲ್ಲ ಸೇರಿದಂತೆ ಆರು ಅಮೆರಿಕ ಮೂಲದ ತಳಿಗಳನ್ನು ಕಾನೂನು ಮಾಡಿಯೇ ನಿಷೇಧಿಸಿದರು. ನಮ್ಮಲ್ಲಿ ಗಿಡ್ಡ ದ್ರಾಕ್ಷಿಯನ್ನು ಸಿಹಿಯಾದ ಪೋರ್ಟ್ ಮಾದರಿಯ ವೈನಿಗೆ ಬಳಸುತ್ತಾರೆ. ಅದಕ್ಕೆ ಅದು ಸರಿಹೊಂದುತ್ತದೆ. ಒಣ ಕೆಂಪು ವೈನ್, ಅಂದರೆ ಸಕ್ಕರೆಯೆಲ್ಲ ಹುದುಗಿಹೋದ ವೈನ್ ಬೇಕೆಂದಾಗ ಮಾತ್ರ ಕಾರ್ಖಾನೆಯವರು ಬೇರೆ ತಳಿ ಕೇಳುತ್ತಾರೆ.

3. ಹೊರಗಿನಿಂದ ಬಂದ ತಳಿಗಳು

ಕ್ಯಾಬರ್ನೆ ಸೋವಿನ್ಯೋನ್. ಇದು ಬೋರ್ಡೋ ಸೀಮೆಯ ತಳಿ. ಕ್ಯಾಬರ್ನೆ ಫ್ರಾಂಕ್ ಎಂಬ ಕಪ್ಪು ದ್ರಾಕ್ಷಿ ಮತ್ತು ಸೋವಿನ್ಯೋನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿ ತಾನಾಗಿ ಬೆರೆತು ಹುಟ್ಟಿದ ಮಗು ಇದೆಂದು 1997ರಲ್ಲಿ ಅಮೆರಿಕದ ಡೇವಿಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ವಂಶಾಣು ಪರೀಕ್ಷೆಯಿಂದ ಪ್ರಕಟಿಸಿದರು. ಕಾಳು ಸಣ್ಣದು, ಗುಂಡು. ಸಿಪ್ಪೆ ದಪ್ಪ. ತಿರುಳಿಗೆ ಹೋಲಿಸಿದರೆ ಬೀಜ ಹೆಚ್ಚು. ಬಣ್ಣ ಗಾಢ, ಒಗರು ಬಲು ಜೋರು. ಆದುದರಿಂದ ಇದರ ವೈನ್ ವರ್ಷಗಟ್ಟಲೆ ಇಟ್ಟರೂ ಬಾಳುತ್ತದೆ. ಎಲೆ ನೋಡಿಯೇ ಇದನ್ನು ಗುರುತಿಸಬಹುದು. ಐದು ಭಾಗವಾಗಿ ಆಳವಾಗಿ ಸೀಳಿದ ಎಲೆ. ಸೀಳುಗಳ ಅಂಚು ಒಂದರ ಮೇಲೊಂದು ಬಂದು ನಡುವೆ ತೂತು ಕೊರೆದಂತೆ ಕಾಣುವುದು. ನರ್ಸರಿಯಿಂದ ಸಸಿ ತರುವಾಗ ಈ ಗುರುತು ನೆನಪಿಡಿರಿ.

ಇದು ತಡವಾಗಿ ಚಿಗುರಿ ತಡವಾಗಿ ಹಣ್ಣಾಗುವ ತಳಿ. ಬೇಗ ಕೊಯ್ದರೆ ವೈನಿನಲ್ಲಿ ದೊಣ್ಣೆ ಮೆಣಸಿನಕಾಯಿಯನ್ನು ಹಸಿಯಾಗಿ ಮುರಿದ ವಾಸನೆ ಬರುವುದು. ಚೆನ್ನಾಗಿ ಕಳಿತರೆ ಆ ವಾಸನೆ ಇಳಿದು ಕಪ್ಪು ಹಣ್ಣುಗಳ ಗಂಧ ಬರುವುದು. ತಾಳ್ಮೆಯುಳ್ಳವರಿಗೆ ಇದು ತಕ್ಕ ತಳಿ.

ಮೆರ್ಲೋ. ಇದೂ ಬೋರ್ಡೋ ಸೀಮೆಯದೇ. ಕ್ಯಾಬರ್ನೆ ಫ್ರಾಂಕ್ ಇದಕ್ಕೂ ತಂದೆ. ಹೀಗಾಗಿ ಮೇಲೆ ಹೇಳಿದ ತಳಿಗೆ ಇದು ಮಲ ಸೋದರ. ಆದರೆ ಸ್ವಭಾವ ಬೇರೆ. ಕಾಳು ಸ್ವಲ್ಪ ದಪ್ಪ, ಸಿಪ್ಪೆ ತೆಳು, ಒಗರು ಮೃದು. ಅಣ್ಣನಿಗಿಂತ ಒಂದೆರಡು ವಾರ ಮೊದಲೇ ಹಣ್ಣಾಗುವುದು. ಒಂದರ ಒರಟನ್ನು ಇನ್ನೊಂದು ತಗ್ಗಿಸಲಿ ಎಂದು ಬೋರ್ಡೋದಲ್ಲಿ ಇವೆರಡನ್ನೂ ಬೆರೆಸಿ ವೈನ್ ಮಾಡುವುದು ರೂಢಿ. ಸಿಪ್ಪೆ ತೆಳುವಾದ್ದರಿಂದ ಕಳಿತ ಹಣ್ಣಿನ ಮೇಲೆ ಮಳೆ ಬಿದ್ದರೆ ಕೊಳೆಯುವ ಭಯ ಹೆಚ್ಚು.

ಶಿರಾಜ್. ಇದರ ಹುಟ್ಟೂರು ಫ್ರಾನ್ಸಿನ ರೋನ್ ನದಿಯ ಕಣಿವೆ. ಅಲ್ಲಿ ಸಿರಾ ಎನ್ನುತ್ತಾರೆ, ಆಸ್ಟ್ರೇಲಿಯಾದವರು ಶಿರಾಜ್ ಎನ್ನುತ್ತಾರೆ. ಹೆಸರು ಕೇಳಿ ಇದು ಇರಾನಿನ ಶಿರಾಜ್ ನಗರದಿಂದ ಬಂದದ್ದೆಂದು ಬಹುಕಾಲ ನಂಬಿದ್ದರು. 1998ರಲ್ಲಿ ನಡೆದ ವಂಶಾಣು ಪರೀಕ್ಷೆ ಇದರ ತಂದೆತಾಯಿ ಇಬ್ಬರೂ ಫ್ರಾನ್ಸಿನ ತಳಿಗಳೇ ಎಂದು ತೋರಿಸಿತು. ಹೆಸರು ನೋಡಿ ಗುಣ ಹೇಳಬಾರದು ಎಂಬುದಕ್ಕೆ ಇದೊಂದು ನಿದರ್ಶನ.

ಕಾಳು ಸಣ್ಣದಿಂದ ಮಧ್ಯಮ, ಸ್ವಲ್ಪ ಉದ್ದ, ನೀಲಿಗಪ್ಪು. ಬಣ್ಣ ಬಹಳ ಗಾಢ. ಬಿಸಿಲನ್ನು ತಾಳುವುದು. ಇದರ ವೈನಿಗೆ ಕರಿಮೆಣಸಿನ ಗಂಧ. ಇದು ಬರಿಯ ಹೋಲಿಕೆಯಲ್ಲ. ಕರಿಮೆಣಸಿನಲ್ಲಿರುವ ರೋಟಂಡೋನ್ ಎಂಬ ವಸ್ತುವೇ ಶಿರಾಜ್ ಹಣ್ಣಿನ ಸಿಪ್ಪೆಯಲ್ಲಿಯೂ ಇದೆಯೆಂದು 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದರು. ಇದರ ದೋಷ ಎರಡು. ಚಿಗುರು ಉದ್ದವಾಗಿ ಬೆಳೆದು ಗಾಳಿಗೆ ಮುರಿಯುತ್ತದೆ, ಆದ್ದರಿಂದ ತಂತಿಗೆ ಬೇಗ ಕಟ್ಟಬೇಕು. ಹಣ್ಣು ಕಳಿತ ಮೇಲೆ ಬಳ್ಳಿಯಲ್ಲಿಯೇ ಬಿಟ್ಟರೆ ಸುಕ್ಕುಗಟ್ಟಿ ತೂಕ ಇಳಿಯುತ್ತದೆ, ಆದ್ದರಿಂದ ಕೊಯ್ಲಿನ ದಿನ ತಪ್ಪಬಾರದು. ನಮ್ಮ ರಾಜ್ಯದಲ್ಲಿ ಕೆಂಪು ವೈನಿಗಾಗಿ ಹೆಚ್ಚಾಗಿ ಹಾಕುವ ತಳಿಗಳು ಇದು ಮತ್ತು ಕ್ಯಾಬರ್ನೆ ಸೋವಿನ್ಯೋನ್.

ಪೀನೋ ನ್ವಾರ್. ಫ್ರಾನ್ಸಿನ ಬರ್ಗಂಡಿ ಸೀಮೆಯ ಬಹು ಹಳೆಯ ತಳಿ. ಪೈನ್ ಮರದ ಕಾಯಿಯಂತೆ ಗೊಂಚಲು ಒತ್ತಾಗಿರುವುದರಿಂದ ಈ ಹೆಸರು ಬಂದಿತೆನ್ನುತ್ತಾರೆ. ಸಿಪ್ಪೆ ತೆಳು, ಬಣ್ಣ ತಿಳಿ, ಗಂಧ ನಾಜೂಕು. ಇದರ ವೈನಿಗೆ ಜಗತ್ತಿನಲ್ಲಿ ಬಹಳ ಬೆಲೆ. ಆ ಬೆಲೆ ಕೇಳಿ ಆಸೆಪಡಬೇಡಿರಿ. ಇದು ಚಳಿ ಸೀಮೆಯ ಬಳ್ಳಿ. ಬಿಸಿಲಿಗೆ ಹಣ್ಣು ಅವಸರದಲ್ಲಿ ಸಿಹಿಯಾಗಿ ಹುಳಿ, ಗಂಧ ಎರಡನ್ನೂ ಕಳೆದುಕೊಳ್ಳುವುದು. ಗೊಂಚಲಿನ ನಡುವೆ ಗಾಳಿಯಾಡದೆ ಕೊಳೆ ಸೇರುವುದು. ಕೊಡಗಿನ ಕಿತ್ತಳೆಯನ್ನು ರಾಯಚೂರಿನ ಹೊಲದಲ್ಲಿ ನೆಟ್ಟಂತೆ.

ಗ್ರೆನಾಶ್. ಸ್ಪೇನ್ ಮತ್ತು ದಕ್ಷಿಣ ಫ್ರಾನ್ಸಿನ ಒಣ ನೆಲದ ತಳಿ. ಸ್ಪೇನಿನಲ್ಲಿ ಗರ್ನಾಚ ಎನ್ನುತ್ತಾರೆ. ನೀರಿನ ಅಭಾವವನ್ನೂ ಬಿಸಿಲನ್ನೂ ಗಾಳಿಯನ್ನೂ ತಡೆಯುವುದರಲ್ಲಿ ಗಟ್ಟಿಗ. ಕಾಂಡ ಬಲವಾಗಿ ನೆಟ್ಟಗೆ ನಿಲ್ಲುವುದು. ಸಕ್ಕರೆ ಬಹಳ ಏರುವುದು. ಆದರೆ ಸಿಪ್ಪೆ ತೆಳು, ಬಣ್ಣ ಕಡಿಮೆ. ಒಂಟಿಯಾಗಿ ಬಳಸುವುದಕ್ಕಿಂತ ಶಿರಾಜಿನಂತಹ ಬಣ್ಣದ ತಳಿಯೊಡನೆ ಬೆರೆಸುವುದು ಹೆಚ್ಚು.

ಟೆಂಪ್ರನೀಯೊ. ಸ್ಪೇನಿನ ರಿಯೋಹ ಸೀಮೆಯ ಮುಖ್ಯ ತಳಿ. ಅವರ ಭಾಷೆಯಲ್ಲಿ ಟೆಂಪ್ರಾನೊ ಎಂದರೆ ಬೇಗ. ಹೆಸರಿನಂತೆ ಬೇಗ ಹಣ್ಣಾಗುವುದು. ಸಿಪ್ಪೆ ದಪ್ಪ, ಬಣ್ಣ ಒಳ್ಳೆಯದು. ಸ್ವಭಾವತಃ ಹುಳಿ ಕಡಿಮೆ. ಆದುದರಿಂದ ರಾತ್ರಿ ತಂಪಿಲ್ಲದ ಕಡೆ ಸಪ್ಪೆಯಾಗುವುದು.

ಇನ್ನು ಮೂರರ ಹೆಸರನ್ನು ಮಾತ್ರ ತಿಳಿದಿರಿ. ಇಟಲಿಯ ಸಾಂಜೊವೇಸೆ ಹುಳಿ ಹೆಚ್ಚಿರುವ, ತಡವಾಗಿ ಮಾಗುವ ತಳಿ. ಅಮೆರಿಕದಲ್ಲಿ ಹೆಸರಾದ ಜಿನ್‌ಫಂಡೆಲ್ ಒಂದೇ ಗೊಂಚಲಿನಲ್ಲಿ ಕೆಲವು ಕಾಳು ಹಸಿ, ಕೆಲವು ಒಣದ್ರಾಕ್ಷಿಯಾಗುವಷ್ಟು ಅಸಮವಾಗಿ ಹಣ್ಣಾಗುವುದು. ಆಲಿಕಾಂಟ್ ಬೂಶೆ ಮೊದಲು ಮಾಡಿದ ಪರೀಕ್ಷೆಗೆ ಅಪವಾದ. ಅದರ ತಿರುಳೇ ಕೆಂಪು. ಹೆಚ್ಚಾಗಿ ಬೆರಕೆಗೆ ಬಣ್ಣ ಕೊಡಲು ಅದನ್ನು ಬೆಳೆಯುತ್ತಾರೆ.

ಯೂರೋಪಿನ ಈ ಎಲ್ಲ ತಳಿಗಳಿಗೂ ಸಾಮಾನ್ಯವಾದ ಒಂದು ಮಾತುಂಟು. ರೋಗ ತಡೆಯುವ ಶಕ್ತಿ ಗಿಡ್ಡ ದ್ರಾಕ್ಷಿಗಿರುವಷ್ಟು ಇಲ್ಲ. ಬೂಜುತುಪ್ಪಟ, ಬೂದಿ, ಚಿಬ್ಬು ಮೂರೂ ತಗಲುತ್ತವೆ. ಬೇರಿಗೂ ಆಸರೆ ಬೇಕು. 1860ರ ದಶಕದಿಂದ ಯೂರೋಪಿನ ತೋಟಗಳನ್ನು ಬೇರುಹೇನು ಹಾಳುಮಾಡಿದಾಗ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟಿ ಈ ತಳಿಗಳನ್ನು ಉಳಿಸಿದರು. ನಮ್ಮಲ್ಲಿ ಉಪ್ಪುನೀರು ಮತ್ತು ಬರವನ್ನು ತಡೆಯಲೆಂದು ಡಾಗ್‌ರಿಡ್ಜ್ ಮುಂತಾದ ಬೇರುಸಸಿಗಳ ಮೇಲೆ ಕಸಿ ಕಟ್ಟುತ್ತಾರೆ. ಕೊಳವೆ ಬಾವಿಯ ನೀರು ಮತ್ತು ಮಣ್ಣಿನ ಪರೀಕ್ಷೆ ಮಾಡಿಸಿದ ಮೇಲೆಯೇ ಬೇರುಸಸಿಯನ್ನು ಆರಿಸಿರಿ.

4. ನಾನು ಮಾಡಿದ ತಪ್ಪು

ಕೃಷಿ ಡಿಪ್ಲೊಮಾ ಮುಗಿಸಿ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ನನ್ನ ವ್ಯಾಪ್ತಿಯ ಒಬ್ಬ ಹಿರಿಯ ರೈತರು ಒಂದು ಎಕರೆ ಶಿರಾಜ್ ಹಾಕಿದ್ದರು. ಮೊದಲ ಫಸಲು. ಫೆಬ್ರವರಿಯಲ್ಲಿ ನನ್ನನ್ನು ತೋಟಕ್ಕೆ ಕರೆದರು. ಹಣ್ಣು ಕಪ್ಪಗೆ ಹೊಳೆಯುತ್ತಿತ್ತು. ಸಾಲಿನ ತುದಿಯಲ್ಲಿ ನಿಂತು ಕೈಗೆ ಸಿಕ್ಕಿದ ಗೊಂಚಲಿನಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಸಕ್ಕರೆಯಂತಿತ್ತು. “ಕುಯ್ಯಿಸಿಬಿಡಿ ಯಜಮಾನರೇ” ಎಂದೆ.

ಮರುದಿನ ಟೆಂಪೋ ಕಾರ್ಖಾನೆಗೆ ಹೋಯಿತು. ಅಲ್ಲಿಯವರು ಬೇರೆ ಬೇರೆ ಕ್ರೇಟುಗಳಿಂದ ಹಣ್ಣು ತೆಗೆದು ರಸ ಹಿಂಡಿ ಅಳೆದರು. 19 ಬ್ರಿಕ್ಸ್. ಕರಾರಿನಲ್ಲಿ ಬರೆದಿದ್ದದ್ದು 22. ಬೀಜ ಬಿಡಿಸಿ ತೋರಿಸಿದರು, ಇನ್ನೂ ಹಸಿರಾಗಿತ್ತು. ಬೆಲೆ ಕಡಿತವಾಯಿತು. ಅವರು ಮಾಡಿದ್ದರಲ್ಲಿ ತಪ್ಪೇನಿರಲಿಲ್ಲ. ತಪ್ಪು ನನ್ನದು. ನಾನು ತಿಂದದ್ದು ಬಿಸಿಲಿಗೆ ತೆರೆದಿದ್ದ ಸಾಲಿನ ತುದಿಯ ಹಣ್ಣು. ಒಳಗಿನ ಹಣ್ಣು, ಎಲೆಯ ನೆರಳಿನ ಹಣ್ಣು ಇನ್ನೂ ಎರಡು ವಾರ ಕಾಯುವಂತಿತ್ತು.

ಯಜಮಾನರು ನನ್ನ ಮೇಲೆ ರೇಗಲಿಲ್ಲ. “ಓದಿದೋರು ಹೇಳಿದ್ರಲ್ಲ ಅಂತ ಕುಯ್ಸಿದೆ ಸ್ವಾಮಿ” ಎಂದಷ್ಟೇ ಹೇಳಿ ಖಾಲಿ ಕ್ರೇಟುಗಳನ್ನು ಜೋಡಿಸತೊಡಗಿದರು. ಅವರು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಆ ತಿಂಗಳ ಸಂಬಳದಲ್ಲಿ ನಾನೊಂದು ಕೈ ಬ್ರಿಕ್ಸ್ ಮಾಪಕ ಕೊಂಡೆ. ಅದು ಈಗಲೂ ನನ್ನ ಚೀಲದಲ್ಲಿದೆ. ನಿಮಗೆ ಬೇಕಾದಾಗ ಕೇಳಿ ಪಡೆಯಿರಿ.

5. ಹಣ್ಣಾದುದನ್ನು ತಿಳಿಯುವ ಕ್ರಮ

(ಅ) ಕಾಳು ಬಣ್ಣ ತಿರುಗಿದ ಮೂರು ವಾರಗಳ ನಂತರ ವಾರಕ್ಕೊಮ್ಮೆ, ಕೊಯ್ಲು ಹತ್ತಿರವಾದಾಗ ಎರಡು ದಿನಕ್ಕೊಮ್ಮೆ ಮಾದರಿ ತೆಗೆಯಿರಿ.

(ಆ) ಒಂದೇ ಗೊಂಚಲನ್ನು ನೆಚ್ಚಬೇಡಿರಿ. ಸಾಲಿನ ಎರಡೂ ಬದಿಯಿಂದ, ಗೊಂಚಲಿನ ಮೇಲೆ, ನಡುವೆ, ತುದಿ ಹೀಗೆ ತೋಟದಾದ್ಯಂತ ಓಡಾಡಿ ನೂರು ಕಾಳು ಕೂಡಿಸಿರಿ. ತುದಿಯ ಬಳ್ಳಿಗಳನ್ನು ಬಿಡಿರಿ. ಪ್ರತಿ ಸಲವೂ ಬೆಳಗ್ಗೆ ಒಂದೇ ಹೊತ್ತಿಗೆ ತೆಗೆಯಿರಿ.

(ಇ) ಎಲ್ಲವನ್ನೂ ಸೇರಿಸಿ ಹಿಂಡಿ, ಬಟ್ಟೆಯಲ್ಲಿ ಸೋಸಿ, ಮಾಪಕದ ಗಾಜಿನ ಮೇಲೆ ಎರಡು ಹನಿ ಹಾಕಿ ಬೆಳಕಿಗೆ ಹಿಡಿದು ನೋಡಿರಿ. ದಿನಾಂಕದೊಡನೆ ಬರೆದಿಡಿರಿ.

(ಈ) ಹತ್ತು ಕಾಳುಗಳ ಬೀಜ ಬಿಡಿಸಿರಿ. ಹಸಿರಿದ್ದರೆ ಕಾಯಿರಿ. ಕಂದು ಬಣ್ಣಕ್ಕೆ ತಿರುಗಿ ಹಲ್ಲಿನಲ್ಲಿ ಗರಿಗರಿಯಾಗಿ ಒಡೆದರೆ ಬಲಿತಿದೆ.

(ಉ) ಸಿಪ್ಪೆಯನ್ನು ಅಗಿಯಿರಿ. ಬಣ್ಣ ಸುಲಭವಾಗಿ ನಾಲಿಗೆಗೆ ಇಳಿದು ಒಗರು ಹಿತವಾಗಿದ್ದರೆ ಹಣ್ಣು ಸಿದ್ಧ.

(ಊ) ಬೆಳಗಿನ ತಂಪಿನಲ್ಲಿ ಕೊಯ್ಯಿರಿ. ಬಿಸಿಲೇರುವ ಮೊದಲು ಕಾರ್ಖಾನೆ ಮುಟ್ಟಿಸಿರಿ. ಯಾವ ಮದ್ದನ್ನು ಯಾವ ದಿನ ಹೊಡೆದಿರೆಂಬ ಪಟ್ಟಿ ಜೊತೆಗಿರಲಿ. ಕೊಯ್ಲಿನ ಹೊತ್ತಿಗೆ ಹಣ್ಣಿನ ಮೇಲೆ ಮೈಲುತುತ್ತ ಹೆಚ್ಚು ಉಳಿದಿದ್ದರೆ ಹುದುಗುವಿಕೆಯೇ ಕೆಡುವುದು.

6. ಕೀಳುವುದೋ, ಬಿಡುವುದೋ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಂದು ಲೆಕ್ಕ ಹಾಕಿ ನೋಡಿರಿ. ಗಿಡ್ಡ ದ್ರಾಕ್ಷಿ ನಿಮ್ಮ ಎಕರೆಯಲ್ಲಿ ಎರಡು ಬೆಳೆ ಸೇರಿ 12 ಟನ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಗುಣ ಕೆಡಬಾರದೆಂದು ಕಾರ್ಖಾನೆಯವರು ವೈನ್ ದ್ರಾಕ್ಷಿಯಲ್ಲಿ ಎಕರೆಗೆ ಇಷ್ಟೇ ಟನ್ ಎಂದು ಮಿತಿ ಹಾಕುವುದುಂಟು. ಅದು 4 ಟನ್ ಎಂದಿಟ್ಟುಕೊಳ್ಳೋಣ. ವೈನ್ ತಳಿಗೆ ವರ್ಷಕ್ಕೆ ಒಂದೇ ಫಸಲು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸವರಿದರೆ ಫೆಬ್ರವರಿ, ಮಾರ್ಚಿಗೆ ಹಣ್ಣು. ಆಗ ವೈನ್ ದ್ರಾಕ್ಷಿಯ ಕಿಲೋ ಬೆಲೆ ಗಿಡ್ಡ ದ್ರಾಕ್ಷಿಯ ಬೆಲೆಯ ಮೂರು ಪಟ್ಟು ಇದ್ದರೆ ಮಾತ್ರ ಸರಿಸಮ. ಅದರ ಮೇಲೆ ಹೆಚ್ಚುವರಿ ಮದ್ದಿನ ಖರ್ಚು, ಕಂಬ ತಂತಿಯ ಖರ್ಚು, ಫಸಲು ಬರುವ ತನಕ ಆದಾಯವಿಲ್ಲದ ಒಂದೆರಡು ವರ್ಷ ಸೇರಿಸಿಕೊಳ್ಳಿರಿ. ನಿಮ್ಮ ತೋಟದ ನಿಜ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ನೀವೇ ಮಾಡತಕ್ಕದ್ದು. ಮೂರು ವರ್ಷದ ಸರಾಸರಿ ತೆಗೆದುಕೊಳ್ಳಿರಿ. ಬೆಲೆ ಬಿದ್ದ ಒಂದು ವರ್ಷವನ್ನು ನೋಡಿ ಚಪ್ಪರ ಕೀಳಬೇಡಿರಿ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಗಿಡ್ಡ ದ್ರಾಕ್ಷಿಯನ್ನು ಒಬ್ಬ ಕೊಳ್ಳದಿದ್ದರೆ ಇನ್ನೊಬ್ಬ ಕೊಳ್ಳುತ್ತಾನೆ, ಕೊನೆಗೆ ಬುಟ್ಟಿಯಲ್ಲಿಟ್ಟು ಸಂತೆಯಲ್ಲಿ ಮಾರಬಹುದು. ಶಿರಾಜ್, ಕ್ಯಾಬರ್ನೆ ಹಣ್ಣು ಸಣ್ಣ ಕಾಳು, ತುಂಬ ಬೀಜ. ಸಂತೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಕಾರ್ಖಾನೆಯ ಬಾಗಿಲು ಮುಚ್ಚಿದರೆ ಆ ಹಣ್ಣಿಗೆ ಬೇರೆ ಬಾಗಿಲಿಲ್ಲ. ಮನೆಯಲ್ಲಿಯೇ ವೈನ್ ಮಾಡಿ ಮಾರುತ್ತೇನೆಂದರೆ ಪರವಾನಗಿಯಿಲ್ಲದೆ ಅದು ಅಪರಾಧ. ಆದುದರಿಂದ ಸಸಿ ತರುವ ಮೊದಲು ಕರಾರು ಕೈಯಲ್ಲಿರಬೇಕು. ಅದರಲ್ಲಿ ಯಾವ ತಳಿ, ಎಷ್ಟು ವರ್ಷ, ಎಷ್ಟು ಟನ್, ಎಷ್ಟು ಬ್ರಿಕ್ಸಿಗೆ ಎಷ್ಟು ಬೆಲೆ, ಅಳೆಯುವವರು ಯಾರು, ಹಣ ಎಷ್ಟು ದಿನದಲ್ಲಿ ಎಂಬ ಆರು ಮಾತುಗಳು ಬರಹದಲ್ಲಿರಲಿ. ಬಾಯಿಮಾತು ಸಾಲದು. ಓದಲು ಬಾರದವರು ಓದಿಸಿ ಕೇಳಿದ ಮೇಲೆಯೇ ರುಜು ಹಾಕಿರಿ.

ನನ್ನ ಸಲಹೆ ಇಷ್ಟು. ಕರಾರು ಸಿಕ್ಕವರು, ನೀರು ಮಣ್ಣು ಒಪ್ಪಿದವರು, ಖಾಲಿ ಇರುವ ಅರ್ಧ ಎಕರೆಯಲ್ಲಿ ಶಿರಾಜ್ ಅಥವಾ ಕ್ಯಾಬರ್ನೆ ಸೋವಿನ್ಯೋನ್ ಹಾಕಿ ನೋಡಿರಿ. ಫಲ ಕೊಡುತ್ತಿರುವ ಗಿಡ್ಡ ದ್ರಾಕ್ಷಿಯ ಚಪ್ಪರಕ್ಕೆ ಕೊಡಲಿ ಇಡಬೇಡಿರಿ. ಮೇಲೆ ಹೇಳಿದ ಯಜಮಾನರೂ ಈಗ ಹೀಗೆಯೇ ಮಾಡಿದ್ದಾರೆ. ಒಂದು ಎಕರೆ ಶಿರಾಜ್, ಪಕ್ಕದಲ್ಲಿ ಹಳೆಯ ಚಪ್ಪರ. ಮರುವರ್ಷ ಅವರ ಶಿರಾಜ್ 23 ಬ್ರಿಕ್ಸಿಗೆ ಕೊಯ್ಲಾಯಿತು. ನೂರು ಕಾಳುಗಳನ್ನು ಆರಿಸಿದ್ದು ಅವರ ಮಗಳು, ಮಾಪಕ ಹಿಡಿದು ಓದಿದ್ದೂ ಅವಳೇ. ನಾನು ಪಕ್ಕದಲ್ಲಿ ನಿಂತು ಬರೆದುಕೊಂಡೆ, ಅಷ್ಟೇ.

ಅಭ್ಯಾಸ

ಕೆಳಗಿನ ಪ್ರಶ್ನೆಗಳನ್ನು ನಿಮ್ಮ ರೈತ ಕೂಟದಲ್ಲಿ ಓದಿ ಚರ್ಚಿಸಿರಿ.

1. ಕಪ್ಪು ದ್ರಾಕ್ಷಿಯ ಬಣ್ಣ ಯಾವ ಭಾಗದಲ್ಲಿದೆ? ಸಣ್ಣ ಕಾಳಿನಿಂದ ಹೆಚ್ಚು ಬಣ್ಣ ಬರುವುದೇಕೆ?
2. ಬೆಂಗಳೂರು ನೀಲಿಯನ್ನು ಯೂರೋಪಿನ ತಳಿಯಿಂದ ಬೆರಳಲ್ಲಿ ಒತ್ತಿ ಹೇಗೆ ಗುರುತಿಸುವಿರಿ?
3. ಕ್ಯಾಬರ್ನೆ ಸೋವಿನ್ಯೋನ್ ಬೇಗ ಕೊಯ್ದರೆ ಯಾವ ವಾಸನೆ ಬರುವುದು?
4. ಪೀನೋ ನ್ವಾರ್ ನಮ್ಮ ಸೀಮೆಗೆ ಏಕೆ ಒಗ್ಗದು?
5. ಸಾಲಿನ ತುದಿಯ ಹಣ್ಣನ್ನು ತಿಂದು ಕೊಯ್ಲು ನಿರ್ಧರಿಸಿದರೆ ಆಗುವ ನಷ್ಟವೇನು?
6. ಕರಾರಿನಲ್ಲಿ ಇರಬೇಕಾದ ಆರು ಮಾತುಗಳು ಯಾವುವು?

ಆರನೆಯ ಪ್ರಶ್ನೆಗೆ ಉತ್ತರ ಬಾಯಿಪಾಠವಾದ ಮೇಲೆ ಸಸಿಯ ಮಾತು ಎತ್ತಿರಿ. ಸಂದೇಹವಿದ್ದವರು ನನ್ನನ್ನು ಕಾಣಬಹುದು. ಮಾಪಕದೊಡನೆ ನಿಮ್ಮ ತೋಟಕ್ಕೇ ಬರುತ್ತೇನೆ. ಹಣ್ಣು ತಿಂದು ಮಾತ್ರ ಉತ್ತರ ಹೇಳುವುದಿಲ್ಲ.

ಇಂತು ನಿಮ್ಮ,
ಗ್ರಾಮ ಸೇವಕ